ಸಿಂಬೆ ಇಲ್ಲದ ಹೊರೆ: ಟ್ಯಾರೋ ಕಲಿತ 40 ದಿನಗಳ ಒಂದು ಪ್ರಕರಣ

2025ರ ಜೂನ್ ಮೊದಲ ವಾರ. ಮೀನುಗಾರಿಕೆ ನಿಷೇಧ ಶುರುವಾಗಿ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಕಟ್ಟಿಕೊಂಡು ನಿಂತಿದ್ದವು. ಮಳೆ ಆ ವರ್ಷ ಮೇ ಕೊನೆಯಲ್ಲೇ ಹಿಡಿದಿತ್ತು. ಅಂಥ ಒಂದು ಸಂಜೆ, ಕೋಡಿಬಾಗದ ನಮ್ಮ ಮನೆಗೆ ಗೆಳತಿಯೊಬ್ಬಳು ಕೊಡೆ ಮಡಚುತ್ತಾ ಬಂದಳು. ಚೀಲದಿಂದ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಒಂದು ಟ್ಯಾರೋ ಕಟ್ಟು (ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆಗಳದ್ದು) ತೆಗೆದು ಮೇಜಿನ ಮೇಲಿಟ್ಟಳು. "ಇದನ್ನು ಓದೋದು ಕಲಿಸು" ಎಂದಳು.

ಅವಳ ಹೆಸರು ಇಲ್ಲಿ ಬೇಡ. ಗೆಳತಿ ಎಂದೇ ಕರೆಯುತ್ತೇನೆ. ಇದನ್ನು ಬರೆಯಲು ಅವಳ ಒಪ್ಪಿಗೆ ಇದೆ, ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ವಯಸ್ಸು 41. ಕಾರವಾರದಲ್ಲಿ ಲೆಕ್ಕಪತ್ರದ ಕೆಲಸ, ಬಾಡಿಗೆ ಮನೆ, ಒಬ್ಬಳೇ ಇರುವುದು. ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಮ್ಮ, ಹಳೇ ಮನೆ, ಒಂದೂ ಕಾಲು ಎಕರೆ ಅಡಿಕೆ ತೋಟ. ಅಪ್ಪ ತೀರಿಕೊಂಡು ಮೂರು ವರ್ಷ. ಅಣ್ಣ ಬೆಂಗಳೂರಿನಲ್ಲಿ. ಪಹಣಿಯಲ್ಲಿ ಮೂವರ ಹೆಸರೂ ಇದೆ. ತೋಟ ಮಾರಿಬಿಡೋಣ, ಅಮ್ಮನನ್ನು ನಾನು ಕರೆದುಕೊಂಡು ಹೋಗುತ್ತೇನೆ ಎಂದು ಅಣ್ಣ. ನೋಡೋಣ, ಇನ್ನೊಂದು ವರ್ಷ ಹೋಗಲಿ ಎಂದು ಇವಳು. ಹೀಗೆ ಎರಡು ವರ್ಷ ಕಳೆದಿತ್ತು.

ಆ ಎರಡು ವರ್ಷ ತೋಟ ನಡೆದದ್ದು ಇವಳ ಫೋನಿನಲ್ಲಿ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಫೋನ್, ಸೊಪ್ಪು ಕಡಿಯುವವರಿಗೆ ಫೋನ್, ಔಷಧಿ ಹೊಡೆಯುವವರಿಗೆ ಫೋನ್. ಹದಿನೈದು ದಿನಕ್ಕೊಮ್ಮೆ ಶನಿವಾರ ಬಸ್ಸು ಹಿಡಿದು ಅಂಕೋಲಾ, ಕುಮಟಾ, ದೇವಿಮನೆ ಘಾಟಿ ಹತ್ತಿ ಊರಿಗೆ ಹೋಗಿ ಭಾನುವಾರ ವಾಪಸ್. ಈ ಸಲ ಮಳೆ ಬೇಗ ಬಂದು, ಮಳೆಗೆ ಮುಂಚೆ ಆಗಬೇಕಾಗಿದ್ದ ಮೊದಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ ತಪ್ಪಿಹೋಗಿತ್ತು. ಮೈಲುತುತ್ತ ಮನೆಯಲ್ಲೇ ಇತ್ತು, ಸುಣ್ಣವೂ ಇತ್ತು, ಹೊಡೆಯುವವರು ಬರಲಿಲ್ಲ. ಕೊಳೆ ರೋಗ ಬರುತ್ತದೆ ಎಂದು ಗೊತ್ತಿದ್ದೂ ಇಲ್ಲಿ ಕಂಪ್ಯೂಟರ್ ಮುಂದೆ ಕೂತಿರಬೇಕಾದ ಸಂಕಟ ಅಡಿಕೆಯವರಿಗೆ ಮಾತ್ರ ಗೊತ್ತು.

ಆ ಸಂಕಟದಲ್ಲೇ ಅವಳು ಯಾರೋ ಆನ್‌ಲೈನ್ ಟ್ಯಾರೋ ಓದುವವರಿಗೆ 1,500 ರೂಪಾಯಿ ಕೊಟ್ಟು ಅರ್ಧ ಗಂಟೆ ಮಾತಾಡಿದ್ದಳು. ರೆಕಾರ್ಡಿಂಗ್ ನನಗೆ ಕೇಳಿಸಿದಳು. "ನೀವು ಎಲ್ಲರಿಗೂ ಒಳ್ಳೆಯದು ಮಾಡ್ತೀರಿ, ನಿಮಗೆ ಯಾರೂ ಮಾಡೋದಿಲ್ಲ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಮನೆಯಲ್ಲೇ ಒಬ್ಬರು ನಿಮ್ಮಿಂದ ಏನೋ ಮುಚ್ಚಿಟ್ಟಿದ್ದಾರೆ. ಅಕ್ಟೋಬರ್ ತನಕ ಯಾವುದಕ್ಕೂ ಸಹಿ ಹಾಕಬೇಡಿ." ಕೊನೆಗೆ ಒಂದು ಪರಿಹಾರ, ಅದಕ್ಕೆ ಬೇರೆ ದುಡ್ಡು. ಪರಿಹಾರಕ್ಕೆ ಇವಳು ದುಡ್ಡು ಕೊಡಲಿಲ್ಲ. ಆದರೆ "ಒಬ್ಬರು ಮುಚ್ಚಿಟ್ಟಿದ್ದಾರೆ" ಎಂಬ ಮಾತು ಮಾತ್ರ ಒಳಗೇ ಕೂತುಬಿಟ್ಟಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾನು ಅವಳಿಗೆ ಹೇಳಿದ್ದು ಒಂದು ಹಳೇ ಪ್ರಯೋಗದ ಕಥೆ. ಬರ್ಟ್ರಾಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ ಪ್ರತಿಯೊಬ್ಬರಿಗೂ "ಇದು ನಿನ್ನ ಸ್ವಭಾವ" ಎಂದು ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿ ಎಂದು 5ಕ್ಕೆ ಅಂಕ ಹಾಕಿ ಎಂದ. ಸರಾಸರಿ 4.26 ಬಂತು. ಹಾಳೆಗಳಲ್ಲಿ ಇದ್ದದ್ದೆಲ್ಲ ಒಂದೇ ಬರಹ. ಅದರಲ್ಲಿ ಸುಮಾರು ಪಾಲು ಪುಸ್ತಕದಂಗಡಿಯಲ್ಲಿ ಸಿಗುವ ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ್ದು. ಗೆಳತಿ ನಕ್ಕಳು. ನಕ್ಕಿದ್ದೇನೋ ಹೌದು, ಆದರೆ ಮನಸ್ಸು ಹಗುರಾದ ಹಾಗೆ ಕಾಣಲಿಲ್ಲ. ಮೋಸದ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮಾತ್ರಕ್ಕೆ ಅದು ಒಳಗೆ ಇಟ್ಟುಹೋದ ಹೆದರಿಕೆ ಹೋಗುವುದಿಲ್ಲ.

"ಹಾಗಾದ್ರೆ ನೀನ್ಯಾಕೆ ಇದನ್ನು ಇಟ್ಟುಕೊಂಡಿದ್ದೀಯ?" ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಆರು ವರ್ಷದಿಂದ ನನ್ನ ಹತ್ತಿರ ಒಂದು ಕಟ್ಟು ಇದೆ. ಯಾರಿಗೂ ಭವಿಷ್ಯ ಹೇಳಿಲ್ಲ, ದುಡ್ಡು ಮುಟ್ಟಿಲ್ಲ. ಬೆಳಿಗ್ಗೆ ಒಂದು ಎಲೆ ತೆಗೆದು ನೋಡುತ್ತೇನೆ, ಅರ್ಧ ಪುಟ ಬರೆಯುತ್ತೇನೆ, ಅಷ್ಟೇ. ಇಸ್ಪೀಟಿಗೆ ಎಲೆ ಅನ್ನುವ ಹಾಗೆ ಇದಕ್ಕೂ ನಾನು ಎಲೆ ಎಂದೇ ಹೇಳುವುದು.

ನಿಜ ಹೇಳಬೇಕೆಂದರೆ ಟ್ಯಾರೋ ಇಸ್ಪೀಟೇ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಹುಟ್ಟಿದ್ದು ಆಟಕ್ಕೆ. ಫ್ರಾನ್ಸಿನಲ್ಲಿ ಇವತ್ತಿಗೂ ಅದನ್ನು ಆಟವಾಗಿಯೇ ಆಡುತ್ತಾರೆ. ನಮ್ಮ ಉತ್ತರಕ್ಕಿರುವ ಸಾವಂತವಾಡಿಯ ದಶಾವತಾರ ಗಂಜೀಫಾ ಇದೆಯಲ್ಲ, 120 ದುಂಡನೆಯ ಎಲೆಗಳದ್ದು, ಅದರ ಹಾಗೆ. 1781ರಲ್ಲಿ ಕೂರ್ ದ ಜೆಬೆಲಾನ್ ಎಂಬ ಫ್ರೆಂಚ್ ಪಂಡಿತ, ಇದು ಪುರಾತನ ಈಜಿಪ್ಟಿನ ಜ್ಞಾನ ಎಂದು ಬರೆದುಬಿಟ್ಟ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಯಾರೂ ಇರಲಿಲ್ಲ. ಶಾಂಪೋಲಿಯೋನ್ ಅದರ ಗುಟ್ಟು ಬಿಡಿಸಿದ್ದು 1822ರಲ್ಲಿ. ಆದರೂ ಈಜಿಪ್ಟಿನ ಕಥೆ ನಿಂತುಬಿಟ್ಟಿತು. ಭವಿಷ್ಯ ಹೇಳುವ ದಂಧೆ ದೊಡ್ಡದಾಗಿ ಶುರುವಾಗಿದ್ದು ಆಮೇಲೆ.

ಇದನ್ನೆಲ್ಲ ಕೇಳಿ ಅವಳಿಗೆ ಹೊಸ ಚಿಂತೆ. "ಅಮ್ಮನಿಗೆ ಮಂತ್ರ ತಂತ್ರ ಅಂದ್ರೆ ಏನೂ ಅನ್ನಿಸಲಿಕ್ಕಿಲ್ಲ. ಇಸ್ಪೀಟು ಅಂತ ಗೊತ್ತಾದ್ರೆ ಮಾತ್ರ ಬೈತಾಳೆ!"

ನಾನು ಕಲಿಸಲು ಒಪ್ಪಿದ್ದು ಕೆಲವು ಕಟ್ಟುಪಾಡಿನ ಮೇಲೆ. 40 ದಿನ, ದಿನಕ್ಕೆ ಒಂದೇ ಎಲೆ. "ಆಗುತ್ತದಾ, ಯಾವಾಗ ಆಗುತ್ತದೆ" ಎಂಬ ಪ್ರಶ್ನೆ ಇಲ್ಲ. ಎಲೆಯಲ್ಲಿ ಏನು ಕಾಣುತ್ತದೆ ಎಂದು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅರ್ಥ ಆಮೇಲೆ. ನಿದ್ದೆ, ಊಟ ಪೂರ್ತಿ ಕೆಟ್ಟರೆ ಎಲೆ ಬದಿಗಿಟ್ಟು ವೈದ್ಯರ ಹತ್ತಿರ ಹೋಗಬೇಕು. ಭಾನುವಾರ ಊರಿಗೆ ಹೋಗದಿದ್ದರೆ ನಮ್ಮ ಜಗಲಿಯಲ್ಲಿ ಚಹಾದ ಜೊತೆ ನೋಟ್‌ಬುಕ್ ನೋಡುವುದು.

ಮೊದಲ ಹತ್ತು ದಿನ: ನಕಲು

ಮೊದಲ ಹತ್ತು ದಿನದ ಪುಟಗಳು ಓದಲು ಬೇಜಾರು. ಎಲೆ ತೆಗೆಯುವುದು, ಫೋನಿನಲ್ಲಿ ಅರ್ಥ ಹುಡುಕುವುದು, ನಕಲು ಮಾಡುವುದು. "ಹೊಸ ಆರಂಭ. ಭಾವನಾತ್ಮಕ ಸಮತೋಲನ. ಆಂತರಿಕ ಶಕ್ತಿ." ಅವಳೇ ಮಾತಾಡುವಾಗ ಇಂಥ ಒಂದು ಪದವನ್ನೂ ಬಳಸುವುದಿಲ್ಲ. ಕಲಿಯುವವರಲ್ಲಿ ಹೆಚ್ಚಿನವರು ಬೀಳುವ ಗುಂಡಿ ಇದೇ. 78 ಎಲೆ, ಪ್ರತಿಯೊಂದಕ್ಕೂ ನೇರ ಬಂದರೆ ಒಂದು ಅರ್ಥ, ತಲೆಕೆಳಗಾದರೆ ಇನ್ನೊಂದು. ಒಟ್ಟು 156 ಅರ್ಥ ಬಾಯಿಪಾಠ ಮಾಡಿದರೆ ಟ್ಯಾರೋ ಬರುತ್ತದೆ ಎಂದುಕೊಳ್ಳುತ್ತಾರೆ. ನಾನೂ ಮೊದಲ ವರ್ಷ ಹಾಗೇ ಮಾಡಿದ್ದೆ. ಮಗ್ಗಿ ಬಂದ ಹಾಗೆ ಬಂತು, ಉಪಯೋಗಕ್ಕೆ ಬರಲಿಲ್ಲ.

ನಾಲ್ಕನೇ ದಿನ ಅವಳಿಗೆ 13ನೇ ಎಲೆ ಬಂತು, ಸಾವು. ರಾತ್ರಿ ಒಂಬತ್ತಕ್ಕೆ ಫೋನ್. ಕಟ್ಟನ್ನು ದೇವರ ಮುಂದಿಟ್ಟು ಊದಿನಕಡ್ಡಿ ಹಚ್ಚಿದ್ದಾಳೆ. ಅಮ್ಮನಿಗೆ ಎರಡು ಸಲ ಫೋನ್ ಮಾಡಿ "ಆರಾಮಿದ್ದೀಯಾ" ಎಂದು ಕೇಳಿ ಬೈಸಿಕೊಂಡಿದ್ದಾಳೆ. "ಎಲೆ ಎದುರಿಗಿದೆಯಾ? ಏನು ಕಾಣ್ತದೆ ಹೇಳು" ಎಂದೆ. ಬಿಳಿ ಕುದುರೆ, ಅದರ ಮೇಲೆ ಕಪ್ಪು ಕವಚದ ಅಸ್ಥಿಪಂಜರ. ಮತ್ತೆ? ಕೆಳಗೆ ರಾಜ ಬಿದ್ದಿದ್ದಾನೆ. ಮತ್ತೆ? ಒಬ್ಬ ಗುರುಗಳು ಕೈ ಜೋಡಿಸಿ ನಿಂತಿದ್ದಾರೆ. ಒಂದು ಹುಡುಗಿ ಮುಖ ತಿರುಗಿಸಿದ್ದಾಳೆ. ಒಂದು ಮಗು ಮೊಣಕಾಲೂರಿ ನೇರ ನೋಡುತ್ತಿದೆ. ಮತ್ತೆ? ಹಿಂದೆ ಎರಡು ಕಂಬಗಳ ನಡುವೆ ಸೂರ್ಯ. ಒಂದು ನದಿ. ಸ್ವಲ್ಪ ಹೊತ್ತು ಬಿಟ್ಟು, "ಅರೆ, ನದಿಯಲ್ಲಿ ದೋಣಿ ಉಂಟು" ಎಂದಳು. ಧ್ವನಿ ಬದಲಾಗಿತ್ತು.

ಮರುದಿನದಿಂದ ಐದು ನಿಮಿಷ ಕಂಡದ್ದನ್ನೇ ಬರೆಯುವ ಅಭ್ಯಾಸ ಸರಿಯಾಗಿ ಶುರುವಾಯಿತು.

ಇದು ಸಾಧ್ಯವಾಗುವುದು ಒಬ್ಬ ಚಿತ್ರಗಾರ್ತಿಯಿಂದ. ಈಗ ಹೆಚ್ಚು ಬಳಕೆಯಲ್ಲಿರುವ ಕಟ್ಟು 1909ರ ಕೊನೆಯಲ್ಲಿ ಲಂಡನ್ನಿನಲ್ಲಿ ಬಂದದ್ದು. ಯೋಜನೆ ಎ. ಇ. ವೇಟ್ ಅವರದ್ದು, ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಅವರದ್ದು. ಅದಕ್ಕೆ ಹಿಂದಿನ ಹೆಚ್ಚಿನ ಕಟ್ಟುಗಳಲ್ಲಿ ಸಾವು, ಚಂದ್ರನಂಥ 22 ಮುಖ್ಯ ಎಲೆಗಳಿಗೂ ರಾಜ ರಾಣಿಯರಿಗೂ ಮಾತ್ರ ಚಿತ್ರ. ಉಳಿದವು ಇಸ್ಪೀಟಿನ ಹಾಗೆ ಕತ್ತಿ, ಬಟ್ಟಲು, ನಾಣ್ಯ, ಕೋಲು ಎಂಬ ನಾಲ್ಕು ಗುಂಪಿನವು. ಅವುಗಳಲ್ಲಿ ಆರು ಕತ್ತಿ ಎಂದರೆ ಆರು ಕತ್ತಿ, ಅಷ್ಟೇ. ಪಮೇಲಾ ಅದಕ್ಕೊಂದು ದೋಣಿ ಬರೆದರು. ದೋಣಿಯಲ್ಲಿ ಮುಸುಕು ಹೊದ್ದ ಹೆಂಗಸು, ಮಗು, ಹಿಂದೆ ಹುಟ್ಟು ಹಾಕುವವನು. ಎಲ್ಲ ಎಲೆಗೂ ಹೀಗೆ ಒಂದು ಸನ್ನಿವೇಶ ಕೊಟ್ಟರು. ಸನ್ನಿವೇಶ ಇದ್ದರೆ ತಾನೇ "ಇವಳು ಎಲ್ಲಿಗೆ ಹೊರಟಳು" ಎಂದು ಕೇಳಲಿಕ್ಕಾಗುವುದು? ಆ ಕೆಲಸಕ್ಕೆ ಸಿಕ್ಕಿದ ದುಡ್ಡು ತೀರಾ ಕಡಿಮೆ ಎಂದು ಅವರೇ ಸ್ನೇಹಿತರಿಗೆ ಪತ್ರದಲ್ಲಿ ಬರೆದಿದ್ದರು. ಕಟ್ಟಿಗೆ ಹೆಸರು ಬಿದ್ದದ್ದು ಮಾತ್ರ ಪ್ರಕಾಶಕರದ್ದು ಮತ್ತು ವೇಟ್ ಅವರದ್ದು. 1951ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಎಲೆಗಳಿಗೆ ಗೆಳತಿ ತನ್ನದೇ ಹೆಸರಿಡಲು ಶುರು ಮಾಡಿದಳು. ಆರು ಕತ್ತಿಗೆ ತಾರಿ ದೋಣಿ. ಸಿಡಿಲು ಬಡಿದು ಬೀಳುವ ಗೋಪುರಕ್ಕೆ ಹಳೇ ಸೇತುವೆ. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದನ್ನು ಕಾರವಾರದವರು ಯಾರು ಮರೆತಾರು? ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿಕೊಂಡ. ಗೋಪುರ ಬಂದ ದಿನ ಅವಳು ಬರೆದದ್ದು ಎರಡೇ ಸಾಲು: "ದಿನಾ ಅದರ ಮೇಲೇ ಓಡಾಡುತ್ತಿದ್ದೆವು. ಬೀಳುವ ತನಕ ಗಟ್ಟಿ ಅಂತಲೇ ಅಂದುಕೊಂಡಿದ್ದೆವು." ಆ ಹೊತ್ತಿಗೆ ಹೆದರಿಕೆ ಬಿಟ್ಟುಹೋಗಿತ್ತು.

ಪದ ಯಾರದ್ದು, ಅರ್ಥ ಯಾರದ್ದು

ಎರಡನೇ ವಾರ ಅವಳು ಕೇಳಿದಳು. "ನಾನೇ ಅರ್ಥ ಹೇಳೋದಾದ್ರೆ ಏನು ಬೇಕಾದ್ರೂ ಹೇಳಬಹುದಲ್ಲ? ಆಗ ಎಲೆ ಯಾಕೆ ಬೇಕು?"

ಶಿರಸಿ ಕಡೆಯವಳು, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳುತ್ತಲೇ ಬೆಳೆದವಳು. ಅವಳಿಗೆ ಅಲ್ಲಿಂದಲೇ ಉತ್ತರ ಕೊಡುವುದು ಸುಲಭವಾಯಿತು. ಕೃಷ್ಣ ಸಂಧಾನದ ಪ್ರಸಂಗ. ಭಾಗವತರು ಹಾಡುವ ಪದ ಒಂದೇ. ಆದರೆ ಪದಕ್ಕೆ ಮಾತಿನಲ್ಲಿ ಅರ್ಥ ಹೇಳುವ ಒಬ್ಬ ಅರ್ಥಧಾರಿಯ ಕೃಷ್ಣ ನಿಜವಾಗಿ ಯುದ್ಧ ತಪ್ಪಿಸಲು ಬಂದವನು. ಇನ್ನೊಬ್ಬರ ಕೃಷ್ಣ ಯುದ್ಧ ಆಗಲೇಬೇಕೆಂದು ಗೊತ್ತಿದ್ದೂ ಲೋಕಕ್ಕಾಗಿ ಬಂದವನು. ಅರ್ಥ ಅವರವರದ್ದು. ಹಾಗಂತ ಪದ ಬಿಟ್ಟು ಹೊರಗೆ ಹೋದರೆ ಎದುರಿನ ಅರ್ಥಧಾರಿ ಸುಮ್ಮನೆ ಬಿಡುತ್ತಾರಾ? "ಈ ಮಾತು ಪದದಲ್ಲಿ ಎಲ್ಲಿದೆ ಸ್ವಾಮಿ" ಎಂದು ಸಭೆಯಲ್ಲೇ ಹಿಡಿಯುತ್ತಾರೆ. ಎಲೆಯೂ ಹಾಗೆ. ಪದ ಇವತ್ತು ಯಾವುದು ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಅರ್ಥ ನಮ್ಮದು. ಆದರೆ ಚಿತ್ರದಲ್ಲಿ ಇಲ್ಲದ್ದನ್ನು ಹೇಳುವಂತಿಲ್ಲ.

ಹೀಗೆ ಹೇಳಿ ನಾನು ಬಹಳ ಜಾಣ ಮಾತಾಡಿದೆ ಎಂದುಕೊಂಡೆ. ಒಂದು ವಾರದಲ್ಲೇ ನಾನೇ ಈ ನಿಯಮ ಮುರಿದೆ. ಅದಕ್ಕೆ ಮೊದಲು ಹದಿಮೂರನೇ ದಿನದ್ದು ಹೇಳಬೇಕು.

ಆ ದಿನ ಅವಳಿಗೆ ನಾಲ್ಕು ಬಟ್ಟಲಿನ ಎಲೆ ಬಂತು. ಮರದ ಕೆಳಗೆ ಕೈ ಕಟ್ಟಿ ಕೂತ ಯುವಕ, ಎದುರಿಗೆ ಮೂರು ಬಟ್ಟಲು, ಮೋಡದಿಂದ ಬಂದ ಕೈಯೊಂದು ನಾಲ್ಕನೆಯದನ್ನು ಚಾಚುತ್ತಿದೆ. "ಸೋಮಾರಿ. ನಂದಲ್ಲ" ಎಂದು ಬರೆದು, ಒಳಗಿಟ್ಟು, ಇನ್ನೊಂದು ತೆಗೆದಳು. ನಾಲ್ಕು ಕತ್ತಿ. ಕಲ್ಲಿನ ಮೇಲೆ ಕೈ ಜೋಡಿಸಿ ಮಲಗಿದ ಯೋಧ. ಅದೂ ಬೇಡ. ಮೂರನೆಯದು ಎಂಟು ನಾಣ್ಯ. ಬೆಂಚಿನ ಮೇಲೆ ಕೂತು ಉಳಿ ಸುತ್ತಿಗೆಯಿಂದ ನಾಣ್ಯ ಕೆತ್ತುತ್ತಿರುವವನು. ಅದನ್ನು ಇಟ್ಟುಕೊಂಡಳು, ಒಂದು ಪುಟ ತುಂಬ ಬರೆದಳು. ಭಾನುವಾರ ಇದನ್ನೆಲ್ಲ ಅವಳೇ ಹೇಳಿದಳು, ತಪ್ಪೊಪ್ಪಿಗೆಯ ಹಾಗೆ. ಎರಡೆರಡು ಸಲ ತೆಗೆಯಬಾರದಿತ್ತು, ಅಲ್ವಾ?

ತೆಗೆದದ್ದೇ ಒಳ್ಳೆಯದಾಯಿತು ಎಂದೆ. ಮೂರನ್ನೂ ಸಾಲಾಗಿ ಇಡಿಸಿದೆ. ಕೂತವನು, ಮಲಗಿದವನು, ಕೆಲಸ ಮಾಡುವವನು. ಅವಳು ಬಹಳ ಹೊತ್ತು ನೋಡಿದಳು. "ಕೆಲಸ ಮಾಡೋನು ಸಿಗೋ ತನಕ ತೆಗೆದೆ" ಎಂದಳು. ನಾನೇನೂ ಸೇರಿಸಲಿಲ್ಲ. ಎಲೆಯ ಅರ್ಥಕ್ಕಿಂತ ನಾವು ಎಲೆಯ ಜೊತೆ ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದರಲ್ಲಿ ಜಾಸ್ತಿ ಸಿಗುತ್ತದೆ ಎಂದು ನನಗೆ ಅನ್ನಿಸಿದ್ದು ಇಂಥ ಕಡೆಗಳಲ್ಲೇ. ಅವತ್ತಿನಿಂದ ನಿಯಮ ಬದಲಾಯಿತು. ಬೇಡ ಅನ್ನಿಸಿದರೆ ಮತ್ತೆ ತೆಗೆಯಬಹುದು, ಆದರೆ ಬೇಡ ಅಂದದ್ದನ್ನೂ ಬರೆಯಬೇಕು.

ಆ ವಾರವೇ ತಾರಿ ದೋಣಿ ಎರಡನೇ ಸಲ ಬಂತು. "ಏನೋ ಹೇಳ್ತಾ ಇದೆ" ಎಂದಳು. ಲೆಕ್ಕದವಳಾದ್ದರಿಂದ ಲೆಕ್ಕವನ್ನೇ ಕೊಟ್ಟೆ. 78 ಎಲೆಯಿಂದ ದಿನಕ್ಕೊಂದು ತೆಗೆದು ಮತ್ತೆ ಸೇರಿಸಿ ಕಲಸುತ್ತಾ ಹೋದರೆ, 11ನೇ ದಿನಕ್ಕೇ ಯಾವುದೋ ಒಂದು ಎಲೆ ಎರಡನೇ ಸಲ ಬಂದಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 40 ದಿನದಲ್ಲಿ ಒಂದೂ ಮರಳಿ ಬರಲಿಲ್ಲ ಅಂದರೆ ಅದೇ ಪವಾಡ. ಅವಳು ಕ್ಯಾಲ್ಕುಲೇಟರ್ ತೆಗೆದು ತಾನೇ ಗುಣಿಸಿ ನೋಡಿದಳು.

ಚಂದ್ರ, ಮತ್ತು ನನ್ನ ತಪ್ಪು

ಹತ್ತೊಂಬತ್ತನೇ ದಿನ ಚಂದ್ರ ಬಂತು. ಮೇಲೆ ಮುಖವಿರುವ ಚಂದ್ರ, ಕೆಳಗೆ ಒಂದು ನಾಯಿ, ಒಂದು ತೋಳ, ಎರಡು ಗೋಪುರಗಳ ನಡುವೆ ದೂರ ಹೋಗುವ ದಾರಿ. ನೀರಿನಿಂದ ಏನೋ ಮೇಲೆ ಹತ್ತುತ್ತಿದೆ. ಘಟ್ಟದವಳು ಅದನ್ನು ಏಡಿ ಎಂದಳು. ಕರಾವಳಿಯವನಾದ ನಾನು ಸಿಗಡಿ ಎಂದೆ. ಸುಮ್ನೆ ವಾದ ಮಾಡಿ ನಕ್ಕೆವು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವಸರದಲ್ಲಿದ್ದೆ, ಫೋನಿನಲ್ಲಿ ಮಾತಾಡುತ್ತಿದ್ದೆ. "ಚಂದ್ರ ಅಂದ್ರೆ ಸಾಮಾನ್ಯವಾಗಿ ಸ್ಪಷ್ಟ ಕಾಣದೇ ಇರೋದು, ಮುಚ್ಚಿಟ್ಟದ್ದು" ಎಂದುಬಿಟ್ಟೆ.

ಮುಚ್ಚಿಟ್ಟದ್ದು. 1,500 ರೂಪಾಯಿಯ ಮಾತಿಗೂ ನನ್ನ ಮಾತಿಗೂ ಗಂಟು ಬಿತ್ತು.

ಆ ರಾತ್ರಿ ಅವಳು ಮೊಬೈಲಿನಲ್ಲಿ ಪಹಣಿ ತೆಗೆದು ನೋಡಿದಳು. ಮ್ಯುಟೇಶನ್ ನೋಡಿದಳು. ಎಲ್ಲ ಮೊದಲಿನ ಹಾಗೇ ಇತ್ತು, ಮೂವರ ಹೆಸರು. ಅಲ್ಲಿಗೆ ಬಿಟ್ಟರೂ ಆಗುತ್ತಿತ್ತು. ಹತ್ತು ಗಂಟೆಗೆ ಅಣ್ಣನಿಗೆ ಫೋನ್ ಮಾಡಿ, "ತೋಟ ಯಾರಿಗೆ ಕೊಡ್ತೇನೆ ಅಂತ ಮಾತು ಕೊಟ್ಟಿದ್ದೀಯ?" ಎಂದು ಕೇಳಿದಳು. ಅಣ್ಣ ಯಾರಿಗೂ ಮಾತು ಕೊಟ್ಟಿರಲಿಲ್ಲ. ಪಹಣಿ ತೆಗೆದು ನೋಡಿದ್ದನ್ನೂ ಮಾತಿನ ಭರದಲ್ಲಿ ಹೇಳಿದ್ದಳು. "ನಿನಗೆ ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ" ಎಂದು ಅವನು ಫೋನ್ ಇಟ್ಟ.

ಈ ಪ್ರಕರಣದಲ್ಲಿ ನಿಜವಾದ ನಷ್ಟ ಅಂತ ಆದದ್ದು ಇದೊಂದೇ, ಮತ್ತು ಅದರಲ್ಲಿ ನನ್ನ ಪಾಲು ದೊಡ್ಡದು. ಅವಳ ಒಳಗೆ ಆಗಲೇ ಕೂತಿದ್ದ ಸಂಶಯಕ್ಕೆ ನಾನು ಹೆಸರು ಕೊಟ್ಟೆ. ಎಲೆ ಅದಕ್ಕೆ ಸಾಕ್ಷಿಯಾಯಿತು. ಚಿತ್ರದಲ್ಲಿ ಅಣ್ಣ ಎಲ್ಲಿದ್ದಾನೆ? ನಾಯಿ ಇದೆ, ತೋಳ ಇದೆ, ದಾರಿ ಇದೆ. ಮುಚ್ಚಿಡುವವನು ಯಾರೂ ಇಲ್ಲ. ಚಿತ್ರದಲ್ಲಿ ಇಲ್ಲದ್ದನ್ನು ಹೇಳಬಾರದು ಎಂದು ತಾಳಮದ್ದಳೆಯ ಪಾಠ ಮಾಡಿದವನು ನಾನೇ.

ಅವತ್ತಿನಿಂದ ಇನ್ನೊಂದು ಕಟ್ಟುಪಾಡು ಸೇರಿತು. ಎಲೆ ನೋಡಿ ನಮ್ಮನ್ನು ನಾವು ಪ್ರಶ್ನೆ ಕೇಳಿಕೊಳ್ಳಬಹುದು. ಅಲ್ಲಿ ಇಲ್ಲದವರ ಮನಸ್ಸಿನಲ್ಲಿ ಏನಿದೆ ಎಂದು ಎಲೆಯನ್ನು ಕೇಳುವಂತಿಲ್ಲ. ಗಂಡ ಏನು ಯೋಚಿಸುತ್ತಿದ್ದಾನೆ, ಅತ್ತೆಗೆ ನನ್ನ ಮೇಲೆ ಏನಿದೆ, ಬಾಸ್ ಏನು ಮಾಡುತ್ತಾರೆ ಎನ್ನುವುದೆಲ್ಲ ಹೊರಗೆ. ದುಡ್ಡಿಗೆ ಓದುವವರ ಹತ್ತಿರ ಜಾಸ್ತಿ ಬರುವುದು ಇಂಥವೇ ಪ್ರಶ್ನೆಗಳಂತೆ. ಅಚ್ಚರಿಯಿಲ್ಲ. ನೇರ ಕೇಳುವ ಧೈರ್ಯ ಇಲ್ಲದಾಗಲೇ ಅಲ್ವಾ ಹಿಂದಿನಿಂದ ಕೇಳಬೇಕೆನ್ನಿಸುವುದು?

ಅವಳು ಮೂರು ದಿನ ಕಟ್ಟು ಮುಟ್ಟಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಬಿಟ್ಟುಬಿಟ್ಟರೂ ಸರಿ ಎಂದುಕೊಂಡಿದ್ದೆ.

ಹತ್ತು ಕೋಲು

ಇಪ್ಪತ್ತಾರನೇ ದಿನದ ಪುಟವನ್ನು ಅವಳ ಮಾತಿನಲ್ಲೇ ಕೊಡುತ್ತೇನೆ. ಹತ್ತು ಕೋಲುಗಳ ಎಲೆ. ಒಬ್ಬ ಮನುಷ್ಯ ಹತ್ತು ಉದ್ದನೆಯ ಕೋಲುಗಳನ್ನು ಹೊತ್ತು ಊರಿನ ಕಡೆ ನಡೆಯುತ್ತಿದ್ದಾನೆ. ಪುಸ್ತಕದ ಅರ್ಥ: ಅತಿಯಾದ ಹೊಣೆ, ಭಾರ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತಿದ್ದೆ.

ಅವಳು ಬರೆದದ್ದು: "ಇವನಿಗೆ ಹೊರೆ ಹೊರಲಿಕ್ಕೆ ಬರೋದಿಲ್ಲ. ಹತ್ತು ಕೋಲು ಏನು ಮಹಾ ಭಾರ? ನಮ್ಮಲ್ಲಿ ಬೆಟ್ಟದಿಂದ ಸೊಪ್ಪಿನ ಹೊರೆ ತರುವವರು ಇದರ ಎರಡರಷ್ಟು ತರ್ತಾರೆ. ಆದ್ರೆ ಕಟ್ಟು ಬಿಗಿಯಾಗಿ ಕಟ್ತಾರೆ. ತಲೆ ಮೇಲೆ ಸಿಂಬೆ ಇಟ್ಕೊಳ್ತಾರೆ. ಎತ್ತಿ ಕೊಡಲಿಕ್ಕೆ ಇನ್ನೊಬ್ಬರು ಇರ್ತಾರೆ. ಇವನು ಕಟ್ಟಿಲ್ಲ, ಸಿಂಬೆ ಇಲ್ಲ, ಎದೆಗೆ ಅಪ್ಪಿಕೊಂಡಿದ್ದಾನೆ. ಮುಖ ಕೋಲಿನೊಳಗೆ ಹುಗಿದುಹೋಗಿದೆ. ದಾರಿ ಕಾಣೋದಿಲ್ಲ. ಯಾರನ್ನೂ ಕರೀಲಿಲ್ಲ ಅನ್ನಿಸ್ತದೆ."

ಕೆಳಗೆ ಒಂದು ಗೆರೆ ಎಳೆದು, ಇನ್ನೊಂದು ಸಾಲು: "ನಾನು ಅಮ್ಮನನ್ನು ಕೇಳಲೇ ಇಲ್ಲ."

ಇದನ್ನು ಓದಿ ನಾನು ನನ್ನ ಕಟ್ಟಿನಿಂದ ಆ ಎಲೆ ತೆಗೆದು ನೋಡಿದೆ. ಆರು ವರ್ಷ ನೋಡಿದ ಎಲೆ. ಹೌದು, ಅವನು ಹೊರುತ್ತಿರುವ ರೀತಿಯೇ ತಪ್ಪು! ಸೊಪ್ಪಿನ ಬೆಟ್ಟ ಕಂಡವರ ಕಣ್ಣಿಗೆ ಬಿದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎರಡು ವರ್ಷ ಪ್ರಶ್ನೆ ಇದ್ದದ್ದು "ಮಾರುವುದೋ, ಬೇಡವೋ" ಎಂದು. ಅಣ್ಣ ತಂಗಿ ಇಬ್ಬರೂ ಅಮ್ಮನ ಒಳ್ಳೆಯದಕ್ಕೆ ಎಂದೇ ವಾದ ಮಾಡಿದ್ದರು. ನೋಟ್‌ಬುಕ್ಕಿನಲ್ಲಿ ಅಮ್ಮ ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ಇದ್ದಳು. ಅಮ್ಮನಿಗೆ ಹುಷಾರಿಲ್ಲ, ಅಮ್ಮನಿಗೆ ಬೇಜಾರಾಗ್ತದೆ, ಅಮ್ಮ ತಡ್ಕೊಳ್ಳೋದಿಲ್ಲ. ಅಮ್ಮ ಹೇಳಿದ ಒಂದು ಮಾತೂ ಇರಲಿಲ್ಲ. ದೇವಸ್ಥಾನದಲ್ಲಿ ಪ್ರಸಾದ ಕೇಳಿಯಾಗಿತ್ತು, ಫೋನಿನಲ್ಲಿ ಟ್ಯಾರೋ ಕೇಳಿಯಾಗಿತ್ತು. ಅಮ್ಮನ ಹತ್ತಿರ ಕೇಳಿದ್ದು "ಊಟ ಆಯ್ತಾ" ಎಂದು ಮಾತ್ರ.

ಮುಂದಿನ ಶನಿವಾರ ಊರಿಗೆ ಹೋದಾಗ ಕೇಳಿದಳು. ಅಮ್ಮ ತಕ್ಷಣ ಉತ್ತರ ಕೊಡಲಿಲ್ಲ. ಪಾತ್ರೆ ತೊಳೆದು ಮುಗಿಸಿ, ಕೈ ಒರೆಸಿಕೊಂಡು ಬಂದು ಕೂತು ಹೇಳಿದಳಂತೆ. ಬೆಂಗಳೂರಿಗೆ ಹೋಗಿ ಇರುವುದು ನನ್ನಿಂದಾಗದು. ತೋಟ ನನ್ನಿಂದ ನೋಡಲಿಕ್ಕೂ ಆಗದು, ಅದನ್ನು ಕಟ್ಟಿಕೊಂಡು ನೀನು ಸಾಯುವುದೂ ಬೇಡ. ಪಕ್ಕದ ತೋಟದವರು ಕಳೆದ ವರ್ಷವೇ ನೋಡಿಕೊಳ್ಳುತ್ತೇವೆ ಅಂದಿದ್ದರು, ನೀನು ಬೇಡ ಅಂತಿ ಅಂತ ನಾನೇ ಹೇಳಲಿಲ್ಲ. ಮಳೆಗಾಲದಲ್ಲಿ ಒಬ್ಬಳೇ ಇರಲಿಕ್ಕೆ ಹೆದರಿಕೆ ಆಗುತ್ತದೆ, ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಮಳೆ ಮುಗಿಯುವ ತನಕ ಕಾರವಾರಕ್ಕೆ ಬರಲಾ?

ಹೆದರಿಕೆ ಆಗುತ್ತದೆ ಎಂದು ಅಮ್ಮ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮನೆಯಲ್ಲಿ ಒಬ್ಬರು ಏನೋ ಮುಚ್ಚಿಟ್ಟದ್ದು ಹೌದಾಗಿತ್ತು ಎಂದು ಆ ಟ್ಯಾರೋದವರು ಬೇಕಾದರೆ ಹೇಳಿಕೊಳ್ಳಬಹುದು. ಯಾರ ಮನೆಯಲ್ಲಿ ಮುಚ್ಚಿಟ್ಟದ್ದು ಇರುವುದಿಲ್ಲ?

ಜುಲೈ ನಡುವಿಗೆ ಪಕ್ಕದವರಿಗೆ ಈ ವರ್ಷದ ಮಟ್ಟಿಗೆ ತೋಟ ವಹಿಸಿಕೊಟ್ಟರು. ಔಷಧಿ, ಕೊಯ್ಲು ಅವರದ್ದು, ಬೆಳೆಯಲ್ಲಿ ಪಾಲು. ಮಳೆ ಬಿಟ್ಟ ಎರಡು ದಿನ ನೋಡಿ ಸಿಂಪಡಣೆಯೂ ಆಯಿತು. ಕೊಳೆ ಆಗಲೇ ಸ್ವಲ್ಪ ತಿಂದಿತ್ತು, ಅದಕ್ಕೇನೂ ಮಾಡಲಾಗಲಿಲ್ಲ. ಮಾರುವ ಮಾತು ಮುಗಿದಿಲ್ಲ, ಮುಂದಿನ ವರ್ಷಕ್ಕೆ ಹೋಗಿದೆ.

ಇಷ್ಟಕ್ಕೆ ಟ್ಯಾರೋ ಬೇಕಿತ್ತಾ? ಒಬ್ಬ ಒಳ್ಳೆಯ ಸ್ನೇಹಿತ, ಒಂದು ಡೈರಿ ಸಾಕಾಗುತ್ತಿರಲಿಲ್ಲವೇ? ಇರಬಹುದು. ದಿನಕ್ಕೆ ಹದಿನೈದು ನಿಮಿಷ ಮನಸ್ಸಿನದ್ದನ್ನು ಬರೆಯುವುದರ ಬಗ್ಗೆ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಕೆಲಸ ಮಾಡಿದ್ದಾರೆ, ಅಲ್ಲಿ ಎಲೆಯೂ ಇಲ್ಲ, ಕತ್ತಿಯೂ ಇಲ್ಲ. ನನ್ನ ಅಂದಾಜು ಇಷ್ಟು: ಖಾಲಿ ಪುಟ ಕೊಟ್ಟಿದ್ದರೆ ಗೆಳತಿ ದಿನಾ ಕೊನೆಗೌಡ, ಸುಣ್ಣ, ಬಸ್ಸು ಎಂದೇ ಬರೆಯುತ್ತಿದ್ದಳು. ಕೆಲಸದ ಪಟ್ಟಿ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ತಾನಾಗಿ ಆರಿಸದ ಚಿತ್ರವೊಂದು ಎದುರಿಗೆ ಬಂದು ಕೂತಾಗ ಮಾತ್ರ ಪಟ್ಟಿ ತಪ್ಪುತ್ತಿತ್ತು. ಕುರುಡು ಆಯ್ಕೆಯ ಉಪಯೋಗ ಅಷ್ಟೇ. ಅದಕ್ಕಿಂತ ಜಾಸ್ತಿ ನಾನು ಹೇಳಲಾರೆ. ಇನ್ನೊಬ್ಬರಿಗೆ ಇದೇ ರೀತಿ ಆಗುತ್ತದೆ ಎಂದಂತೂ ಹೇಳುವುದಿಲ್ಲ.

ಆಗಸ್ಟಿನಲ್ಲಿ ಅಮ್ಮ ಕಾರವಾರದಲ್ಲೇ ಇದ್ದರು. ಕಟ್ಟು ಕಣ್ಣಿಗೆ ಬಿತ್ತು. ಅಂದುಕೊಂಡಂತೆ ಮೊದಲ ಮಾತು, "ಇಸ್ಪೀಟು ಯಾವಾಗ ಕಲಿತೆ?" ಆಮೇಲೆ ಮಧ್ಯಾಹ್ನ ಹೊತ್ತು ಹೋಗದಾಗ ಒಂದೊಂದೇ ಎಲೆ ಹರಡಿಕೊಂಡು, ಯಾರ ಸೀರೆ ಚೆನ್ನಾಗಿದೆ ಎಂದು ನೋಡುತ್ತಿದ್ದರಂತೆ.

ಅಣ್ಣನ ಜೊತೆ ಇನ್ನೂ ಪೂರ್ತಿ ಸರಿಯಾಗಿಲ್ಲ. ಚೌತಿಗೆ ಮೂವರೂ ಊರಿಗೆ ಹೋಗಿದ್ದರು. ಅವನು ಪಂಚಕಜ್ಜಾಯ ತಿಂದ, ತೋಟ ಸುತ್ತಿ ಬಂದ, ಪಹಣಿಯ ಮಾತು ಎತ್ತಲೇ ಇಲ್ಲ. ವಾಪಸ್ ಬಂದ ರಾತ್ರಿ ಗೆಳತಿ ಫೋನ್ ಮಾಡಿದಳು. "ಒಂದು ಎಲೆ ತೆಗೀಲಾ ಅಂತ ನೋಡ್ತಿದ್ದೇನೆ."

"ಅವನ ಬಗ್ಗೆಯಾ, ನಿನ್ನ ಬಗ್ಗೆಯಾ?" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಮಳೆಯ ಸದ್ದು ಕೇಳುತ್ತಿತ್ತು. "ಇರು, ಅವನಿಗೆ ಫೋನ್ ಮಾಡಿ ಆಮೇಲೆ ಮಾತಾಡ್ತೇನೆ" ಎಂದು ಇಟ್ಟಳು.